ಗಾಳಮೀಮಾಂಸೆ: ಕದಳೀನಿಷೇಧದಿಂದ ಲಂಗರುಚ್ಛೇದದವರೆಗೆ

ಯಾವುದೇ ಶಾಸ್ತ್ರಕ್ಕೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ವಿಧಿಸಿದ್ದಾರೆ. ಪ್ರಸ್ತುತ ಶಾಸ್ತ್ರದ ವಿಷಯ, ಅಮೆರಿಕದ ಫ್ಲಾರಿಡಾ ಕರಾವಳಿಯಿಂದ ದಡ ಕಾಣದಷ್ಟು ದೂರ ಹೋಗಿ ಹವ್ಯಾಸಕ್ಕೆಂದು ಗಾಳ ಹಾಕುವುದು. ಪ್ರಯೋಜನ, ಮೀನು, ಸಿಗದಿದ್ದರೆ ಮೀನಿನ ಕಥೆ. ಅಧಿಕಾರಿ, ಶನಿವಾರ ರಜೆಯೂ ಬೋಟಿನ ಸಾಲದ ಕಂತೂ ಇರುವ ಯಾವನೇ ಗೃಹಸ್ಥ. ಇನ್ನು ಸಂಬಂಧ: ಹೋದವನು ಮರಳಿ ಬರುವುದಕ್ಕೂ ಹೋಗುವಾಗ ಅವನು ಏನೇನು ಹೇರಿಕೊಂಡಿದ್ದ ಎಂಬುದಕ್ಕೂ ಇರುವ ನಂಟು. ಪಂಡಿತರು ಜಗಳವಾಡುವುದು ಈ ನಾಲ್ಕನೆಯದರ ಮೇಲೆ.

ಕದಳೀ ಪ್ರಕರಣ

ಬೋಟಿನೊಳಗೆ ಬಾಳೆಹಣ್ಣು ನಿಷಿದ್ಧ. ಮೊದಲ ಸೂತ್ರ ಇದೇ. ಫ್ಲಾರಿಡಾದಲ್ಲಾಗಲಿ ಹವಾಯಿಯಲ್ಲಾಗಲಿ ಬಾಡಿಗೆ ಬೋಟುಗಳ ಎಷ್ಟೋ ಕ್ಯಾಪ್ಟನ್ನರು ಇದನ್ನು ನಂಬುತ್ತಾರೆ. ನಂಬದವರೂ ಸುಮ್ಮನೆ ಪಾಲಿಸುತ್ತಾರೆ. ಗಿರಾಕಿಯ ತಿಂಡಿಚೀಲದಲ್ಲಿ ಹಣ್ಣು ಸಿಕ್ಕಿತೋ, ದಡದಲ್ಲೇ ಉಳಿಯಿತು. ನಿಷ್ಠಾವಂತರು ಬಾಳೆಹಣ್ಣು ಹಾಕಿದ ಬ್ರೆಡ್ಡನ್ನೂ ಪಟ್ಟಿಗೆ ಸೇರಿಸಿದ್ದಾರೆ. ಇನ್ನೂ ಮಡಿವಂತರು 'ಬನಾನಾ ಬೋಟ್' ಎಂಬ ಸನ್‌ಸ್ಕ್ರೀನಿನ ಟ್ಯೂಬನ್ನೇ ಹೊರಗಿಡಿಸುತ್ತಾರೆ. ಹೆಸರಿನ ದೋಷ ಚರ್ಮಕ್ಕೂ ತಗಲುತ್ತದೆಂಬ ಈ ಮತವನ್ನು ತಾರ್ಕಿಕರು ಅತಿವ್ಯಾಪ್ತಿ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಸುಟ್ಟುಕೊಂಡವರು ಬೇರೇನೋ ಎನ್ನುತ್ತಾರೆ.

ನಿಷೇಧಕ್ಕೆ ಕಾರಣ ಹುಡುಕಿದವರಲ್ಲಿ ಮೂರು ಪಂಥ. ಹಣ್ಣು ಕೊಳೆಯುವ ಮುಂಚೆ ಬಂದರು ಮುಟ್ಟಬೇಕೆಂದು ಬಾಳೆಗೊನೆಯ ಹಡಗುಗಳು ಧಾವಿಸುತ್ತಿದ್ದವು, ಆ ಓಟದಲ್ಲಿ ಹಿಂದೆ ಬಿಟ್ಟ ಗಾಳಕ್ಕೆ ಮೀನು ಕಚ್ಚುತ್ತಿರಲಿಲ್ಲ ಎಂಬುದು ವೇಗವಾದ. ಗೊನೆಯೊಳಗೆ ವಿಷದ ಜೇಡ ಅಡಗಿ ಬರುತ್ತಿತ್ತು ಎಂಬುದು ಜೇಡವಾದ. ಮುಳುಗಿದ ಹಡಗಿನಿಂದ ಹಣ್ಣು ಮಾತ್ರ ತೇಲಿ ಬಂದದ್ದನ್ನು ಕಂಡವರು ಅಪರಾಧವನ್ನು ಹಣ್ಣಿನ ತಲೆಗೇ ಕಟ್ಟಿದರು ಎಂಬುದು ತೇಲುವಾದ. ಮಲ್ಪೆಯ ಸಮುದ್ರಪೂಜೆಯಲ್ಲಿ ಹಾಲು, ತೆಂಗಿನಕಾಯಿ, ಫಲಪುಷ್ಪಗಳನ್ನು ಕಡಲಿಗೇ ಅರ್ಪಿಸುವ ಮೊಗವೀರರು ಈ ಮೂರೂ ವಾದಗಳನ್ನು ಕೇಳಿದರೆ ನಕ್ಕಾರು. ಆದರೆ ಮೂರನೆಯದರಲ್ಲಿ ಒಂದು ಹೊಳಹಿದೆ, ಅದನ್ನು ಯಾರೂ ಬೆಳೆಸಲಿಲ್ಲ: ಬೋಟು ಮುಳುಗುವಾಗ ತೇಲುವ ವಸ್ತುವಿನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು.

ಜಾಕೆಟ್ ಪ್ರಕರಣ

ತೇಲುವ ವಸ್ತುಗಳಲ್ಲಿ ಶ್ರೇಷ್ಠವಾದದ್ದು ಲೈಫ್ ಜಾಕೆಟ್. ಅಮೆರಿಕದ ಕಾನೂನಿನಂತೆ ಬೋಟಿನಲ್ಲಿ ತಲೆಗೊಂದು ಜಾಕೆಟ್ ಇರಬೇಕು, ಥಟ್ಟನೆ ಕೈಗೆ ಸಿಗುವಂತಿರಬೇಕು. ಚಿಕ್ಕ ಮಕ್ಕಳು ತೊಟ್ಟೇ ಇರಬೇಕು. ದೊಡ್ಡವರು ಸಾಮಾನ್ಯವಾಗಿ ತೊಡಲೇಬೇಕೆಂದಿಲ್ಲ. ಈ ರಿಯಾಯಿತಿಯ ಬಲದಿಂದ ಜಾಕೆಟ್ಟುಗಳು ಸೀಟಿನಡಿಯ ಪೆಟ್ಟಿಗೆಯಲ್ಲಿ, ಅಂಗಡಿಯ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಸಿಕೊಳ್ಳದೆ, ಹಗ್ಗದ ಸುರುಳಿ, ಎಣ್ಣೆ ಡಬ್ಬ, ತೊಯ್ದ ಟವೆಲ್ಲುಗಳ ಕೆಳಗೆ ಯೋಗನಿದ್ರೆಯಲ್ಲಿರುತ್ತವೆ. ಪೊಲೀಸರು ಕಂಡಾಗ ತಲೆಗೇರಲೆಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುವ ಬೆಂಗಳೂರಿನ ಹೆಲ್ಮೆಟ್ಟಿನದೂ ಇದೇ ದರ್ಶನ. ಅಲೆ ಮಾತ್ರ ಮುಂದಿನ ಸರ್ಕಲ್ಲಿನಲ್ಲಿ ನಿಂತು ಸೀಟಿ ಊದುವುದಿಲ್ಲ.

ಪ್ರಮಾಣ ಎಲ್ಲಿ ಎನ್ನುವವರಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕವಿದೆ. 2023ರಲ್ಲಿ ಆ ದೇಶದ ಹವ್ಯಾಸಿ ಬೋಟು ಅಪಘಾತಗಳಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ಗೊತ್ತಾದವರಲ್ಲಿ ಶೇ. 75ರಷ್ಟು ಜನ ಮುಳುಗಿ ಸತ್ತರು. ಹಾಗೆ ಮುಳುಗಿದವರಲ್ಲಿ ಶೇ. 87ರಷ್ಟು ಜನರ ಮೈಮೇಲೆ ಜಾಕೆಟ್ ಇರಲಿಲ್ಲ. ಪ್ರಾಣಹಾನಿಗೆ ಪೂರಕವಾದ ಕಾರಣಗಳಲ್ಲಿ ಅಗ್ರಪೂಜೆ ಮದ್ಯಕ್ಕೆ ಸಂದಿದೆ. ಬಾಳೆಹಣ್ಣಿಗೆ ವರದಿಯಲ್ಲಿ ಕಾಲಮ್ಮೇ ಇಲ್ಲ. ಹಣ್ಣಿಗಾಗಿ ಚೀಲ ಜಾಲಾಡುವ ಕೈಗಳು ಪಕ್ಕದಲ್ಲಿದ್ದ ಬಿಯರ್ ಕ್ಯಾನುಗಳನ್ನು ನೀಟಾಗಿ ಐಸ್ ಪೆಟ್ಟಿಗೆಗೆ ಜೋಡಿಸಿಕೊಡುವುದು ಹೇಗೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಪೂರ್ವಪಕ್ಷಿ ಕೇಳುತ್ತಾನೆ: "ಜಾಕೆಟ್ ತೊಟ್ಟರೆ ಸೆಕೆಯಲ್ಲವೆ? ಮೀನು ಹಿಡಿದ ಫೋಟೋದಲ್ಲಿ ಹೊಟ್ಟೆ ದಪ್ಪ ಕಾಣುವುದಿಲ್ಲವೆ?" ಉತ್ತರ: ಕೊರಳಿಗೆ ಪಟ್ಟಿಯಂತೆ ಹಾಕಿಕೊಂಡು, ನೀರಿಗೆ ಬಿದ್ದೊಡನೆ ಗ್ಯಾಸ್ ತುಂಬಿ ತಾನೇ ಉಬ್ಬುವ ಜಾಕೆಟ್ಟುಗಳಿವೆ. ಅದರ ಪುಟಾಣಿ ಸಿಲಿಂಡರ್ ಹಿಂದೆಯೇ ಖಾಲಿಯಾಗಿದ್ದರೆ ಮಾತ್ರ ಅದು ಬರೀ ಕಂಠಾಭರಣ. ಹೊಟ್ಟೆಯ ವಿಷಯ ಈ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಲಂಗರು ಪ್ರಕರಣ

2009ರ ಫೆಬ್ರವರಿ 28ರಂದು ಫ್ಲಾರಿಡಾದ ಕ್ಲಿಯರ್‌ವಾಟರ್‌ನಿಂದ ನಾಲ್ವರು ಗೆಳೆಯರು 21 ಅಡಿಯ ಬೋಟಿನಲ್ಲಿ ಮೆಕ್ಸಿಕೊ ಕೊಲ್ಲಿಗೆ ಹೋದರು. ಮಾರ್ಕಿಸ್ ಕೂಪರ್ ಮತ್ತು ಕೋರಿ ಸ್ಮಿತ್ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರು. ವಿಲಿಯಂ ಬ್ಲೀಕ್ಲಿ ಮತ್ತು ನಿಕ್ ಷುಯ್ಲರ್ ಕಾಲೇಜು ತಂಡದಲ್ಲಿ ಆಡಿದ್ದವರು. ನಾಲ್ವರೂ ಗಟ್ಟಿಮುಟ್ಟು ಆಳುಗಳು. ಸಂಜೆ ಮರಳುವ ಹೊತ್ತಿಗೆ ಲಂಗರು ಕಡಲ ತಳದಲ್ಲಿ ಸಿಕ್ಕಿಕೊಂಡಿತು. ಹಗ್ಗವನ್ನು ಬೋಟಿನ ಹಿಂಭಾಗಕ್ಕೆ ಕಟ್ಟಿ, ಎಂಜಿನ್ನಿಗೆ ವೇಗ ಕೊಟ್ಟು ಕಿತ್ತೆಳೆಯಲು ನೋಡಿದರು. ಹಿಂಭಾಗ ತಗ್ಗಿತು, ನೀರು ನುಗ್ಗಿತು, ಬೋಟು ಮಗುಚಿತು. ಜಾಕೆಟ್ಟುಗಳು ಒಳಗಿದ್ದವು, ಬ್ಲೀಕ್ಲಿ ಮಗುಚಿದ ಬೋಟಿನಡಿಗೆ ಮುಳುಗಿ ಅವನ್ನು ಹುಡುಕಿ ತಂದ. ಫೋನುಗಳಿಗೆ ಸಿಗ್ನಲ್ ಇರಲಿಲ್ಲ. ರಾತ್ರಿ ಶೀತಗಾಳಿ ಬೀಸಿ ಕಡಲು ಎದ್ದಿತು. ಮಾರ್ಚ್ 2ರಂದು ಕೋಸ್ಟ್ ಗಾರ್ಡ್ ಹಡಗು ತಲುಪಿದಾಗ ಮಗುಚಿದ ಬೋಟಿನ ಬೆನ್ನ ಮೇಲೆ ಉಳಿದಿದ್ದವನು ಷುಯ್ಲರ್ ಒಬ್ಬನೇ. ಉಳಿದ ಮೂವರು ಸಿಗಲೇ ಇಲ್ಲ.

ಬೋಟಿನ ಮೂತಿ ಎತ್ತರ, ಅಲೆ ಸೀಳಲೆಂದೇ ಕಟ್ಟಿದ್ದು. ಹಿಂಭಾಗ ತಗ್ಗು, ಎಂಜಿನ್ನಿನ ಭಾರವೆಲ್ಲ ಅಲ್ಲೇ. ಆದ್ದರಿಂದ ಲಂಗರು ಬಿಡುವುದೂ ಮೂತಿಯಿಂದ, ಎತ್ತುವುದೂ ಮೂತಿಯಿಂದ. ಜಗ್ಗದಿದ್ದರೆ ಚೂರಿ ತೆಗೆದು ಹಗ್ಗ ಕತ್ತರಿಸುವುದೇ ಲಂಗರುಚ್ಛೇದ. ಅಂಗಡಿಯಲ್ಲಿ ಇನ್ನೊಂದು ಲಂಗರು ಸಿಗುತ್ತದೆ. 'ಕಾಸು ಕೊಟ್ಟು ತಂದದ್ದು' ಎಂಬ ನ್ಯಾಯ ಇಲ್ಲಿ ಅನ್ವಯಿಸುವುದಿಲ್ಲ.

ಕಾಲ ಪ್ರಕರಣ

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಮ್ಮ ದೇಹವನ್ನೇ ಹಿಮನೀರಿಗೆ ಒಡ್ಡಿ ಅಧ್ಯಯನ ಮಾಡಿದವರು. ಅವರು ಪ್ರಚಾರಕ್ಕೆ ತಂದ ಸೂತ್ರ 1-10-1. ಕೊರೆಯುವ ನೀರಿಗೆ ಬಿದ್ದವನಿಗೆ ಏದುಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆ ಮೊದಲ ನಿಮಿಷದಲ್ಲಿ ಬಾಯಿ ತಾನಾಗಿ ತೆರೆಯುತ್ತದೆ; ಆಗ ತಲೆ ನೀರಿನ ಮೇಲಿರಬೇಕು. ಪೆಟ್ಟಿಗೆ ತೆರೆದು, ಟವೆಲ್ಲು ಸರಿಸಿ, ಕವರು ಬಿಚ್ಚಿ, ಬಕಲ್ ಹಾಕಿಕೊಳ್ಳುವ ಕಾರ್ಯಕ್ರಮಕ್ಕೆ ಈ ಪಂಚಾಂಗದಲ್ಲಿ ಮುಹೂರ್ತವಿಲ್ಲ.

ಎಂಜಿನ್ನಿಗೂ ಒಂದು ಉಪಸೂತ್ರವಿದೆ. ಚಾಲಕ ಎಗರಿ ಬಿದ್ದರೆ ಓಡುತ್ತಿರುವ ಬೋಟು ನೇರ ಹೋಗದೆ ಸುತ್ತು ಹಾಕಿ, ಬಿದ್ದವನ ಮೇಲೇ ಪ್ರೊಪೆಲ್ಲರ್ ಸಮೇತ ಬರಬಹುದು. ಅದಕ್ಕೇ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಎಂಜಿನ್ ನಿಲ್ಲಿಸುವ ದಾರ ಅಳವಡಿಸಿದ್ದರೆ ಅದನ್ನು ಓಟದ ವೇಳೆ ಮೈಗೆ ಸಿಕ್ಕಿಸಿಕೊಳ್ಳಬೇಕೆಂದು 2021ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಕಾನೂನಾಗಿದೆ. ತಾರೀಖು ನೋಡಿ ತಮಾಷೆ ಎಂದುಕೊಂಡವರಿಗೆ ದಂಡ ಉಂಟು.

ಶಬ್ದ ಪ್ರಕರಣ

ಮೊಬೈಲಿನಲ್ಲಿ ಕೂಗಿದರೆ ಒಬ್ಬನಿಗೆ ಕೇಳುತ್ತದೆ, ಅದೂ ಟವರ್ ಇದ್ದರೆ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಕೂಗಿದರೆ ಅದರ ವ್ಯಾಪ್ತಿಯಲ್ಲಿ ಕಿವಿಗೊಟ್ಟಿರುವ ಎಲ್ಲ ಬೋಟುಗಳಿಗೂ ಕೇಳುತ್ತದೆ. ಅದಕ್ಕೂ ಆಚೆ ಇರುವವರಿಗೆ 406 ಮೆಗಾಹರ್ಟ್ಸ್ ತರಂಗದಲ್ಲಿ ಉಪಗ್ರಹಕ್ಕೆ ಮೊರೆಯಿಡುವ ಬೀಕನ್ ಇದೆ. ಆ ಮೊರೆ ಕೇಳುವ ಕೋಸ್‌ಪಾಸ್-ಸಾರ್‌ಸ್ಯಾಟ್ ವ್ಯವಸ್ಥೆಗೆ 1979ರಲ್ಲಿ, ಶೀತಲ ಸಮರದ ನಡುವೆಯೇ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಕೈಜೋಡಿಸಿದವು. ಭಾರತವೂ ಇದರ ಪಾಲುದಾರ. ನಮ್ಮ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ಆವರಣದಲ್ಲಿದೆ. ಅಣುಬಾಂಬು ಗುರಿಯಿಟ್ಟು ಕೂತಿದ್ದ ರಾಷ್ಟ್ರಗಳು ಸೇರಿ ಕಟ್ಟಿದ ಈ ಏರ್ಪಾಟಿನ ಗುಂಡಿ ಒತ್ತಲು ಬೀಕನ್ ಬೋಟಿನಲ್ಲಿರಬೇಕು, ಮನೆಯ ಷೋಕೇಸಿನಲ್ಲಲ್ಲ.

ಅಭ್ಯಾಸ ಪ್ರಶ್ನೆಗಳು

ಒಂದು: "ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು" ಎಂದು ಹೆಂಡತಿ ಕೇಳುವುದು ಕಿರುಕುಳವೋ, ಕೋಸ್ಟ್ ಗಾರ್ಡ್ ಶಿಫಾರಸು ಮಾಡುವ ಪ್ರಯಾಣಪತ್ರದ ಮೂರು ಮುಖ್ಯ ಕಾಲಮ್ಮುಗಳೋ? ಚರ್ಚಿಸಿ.

ಎರಡು: ಟ್ಯಾಂಕಿನಲ್ಲಿದ್ದದ್ದು 90 ಗ್ಯಾಲನ್. ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂಬುದು ನಿಯಮ. ಹೋಗುವಾಗಲೇ 30 ಮುಗಿದಿದೆ, ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿದೆ. ಪಕ್ಕದ ಬೋಟಿನವನು ಇನ್ನೂ ಹತ್ತು ಮೈಲಿ ಆಚೆ ಅಂಬರ್‌ಜಾಕ್ ಮೀನು ಬಿಟ್ಟೂಬಿಡದೆ ಕಚ್ಚುತ್ತಿದೆ ಎಂದು ಕೂಗುತ್ತಾನೆ. ನೀವೇನು ಮಾಡುವಿರಿ? (10 ಅಂಕ. "ಒಂದೇ ಒಂದು ಹಿಡಿದು ಬಂದುಬಿಡುತ್ತೇವೆ" ಎಂದು ಬರೆದವರ ಉತ್ತರಪತ್ರಿಕೆಯನ್ನು ಹೆಲಿಕಾಪ್ಟರಿನಿಂದ ತಿದ್ದಲಾಗುವುದು.)