ನಮ್ಮನೆ ಚಕ್ರಪಾಣಿ

ನನ್ನ ಹೆಂಡತಿಯ ತಮ್ಮನಿಗೆ ನಾಮಕರಣದಲ್ಲಿ ಇಟ್ಟ ಹೆಸರು ಬೇರೆ. ನಾವು ಕರೆಯುವುದು ಚಕ್ರಪಾಣಿ ಎಂದು. ಒಂದು ಭಾನುವಾರ ಬೆಳಗ್ಗೆ ಏಳಕ್ಕೆ ಬೆಲ್ ಆಯಿತೆಂದು ಬಾಗಿಲು ತೆರೆದರೆ, ಅಲಾಯ್ ವೀಲೊಂದನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದ. "ಭಾವ, ನಿಮ್ಮನೇಲಿ ತೂಕದ ಮಷೀನ್ ಇದೆಯಲ್ಲ?" ಎಂದ. ಶುಗರ್ ಬಂದಾಗ ಡಾಕ್ಟರಿಗೆ ಹೆದರಿ ಕೊಂಡು, ಆಮೇಲೆ ಆ ಮಷೀನಿಗೇ ಹೆದರಿ ಮಂಚದ ಕೆಳಗೆ ತಳ್ಳಿದ್ದೆ. ತೆಗೆದುಕೊಟ್ಟೆ. ಮೊದಲು ಬರಿಗೈಯಲ್ಲಿ ಹತ್ತಿದ, ಆಮೇಲೆ ಚಕ್ರ ಹೊತ್ತು ಹತ್ತಿದ, ಕಳೆದು ನೋಡಿದ. "ಹತ್ತು ಕೆ.ಜಿ. ಕಂಪನಿ ಚಕ್ರಕ್ಕಿಂತ ಎರಡು ಕೆ.ಜಿ. ಜಾಸ್ತಿ" ಎಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. ಕಾರಿನಲ್ಲಿ ಸ್ಪ್ರಿಂಗಿನ ಮೇಲೆ ಕೂರುವ ಭಾರಕ್ಕಿಂತ ಸ್ಪ್ರಿಂಗಿನ ಕೆಳಗೆ ಜೋತುಬೀಳುವ ಭಾರ ಹೆಚ್ಚು ಕಾಡುತ್ತದಂತೆ. ನನ್ನ ತೂಕವನ್ನು ಅವನು ವಿಚಾರಿಸಲಿಲ್ಲ. ನಾನು ಸ್ಪ್ರಿಂಗಿನ ಮೇಲಿನವನು, ಲೆಕ್ಕಕ್ಕಿಲ್ಲ.

ಇಂಥವನೊಬ್ಬ ನಿಮ್ಮ ಬೀದಿಯಲ್ಲೂ ಇರುತ್ತಾನೆ. ಕಾರು ನಿಲ್ಲಿಸಿ ಹತ್ತು ಹೆಜ್ಜೆ ನಡೆದ ಮೇಲೆ ತಿರುಗಿ ನೋಡದಿದ್ದರೆ ಅವನಿಗೆ ಮುಂದೆ ಕಾಲು ಬರುವುದಿಲ್ಲ. ಮದುವೆ ಮನೆಯಲ್ಲಿ ಅಕ್ಷತೆಗೆ ಮೊದಲು ಪಾರ್ಕಿಂಗಿಗೆ ಒಂದು ಪ್ರದಕ್ಷಿಣೆ ಹಾಕಿಬರುತ್ತಾನೆ. ಯಾರಾದರೂ ಹೊಸ ಕಾರು ತಂದರೆ ನಾವೆಲ್ಲ ಬೆಲೆ, ಮೈಲೇಜು ಕೇಳುತ್ತಿರುವಾಗ, ಇವನು ಬಗ್ಗಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಕೈ ತೂರಿಸಿ, "ನಾಲ್ಕು ಬೆರಳು ಗ್ಯಾಪ್" ಎಂದು ನಿಟ್ಟುಸಿರು ಬಿಡುತ್ತಾನೆ. ಕೊಂಡವರ ಸಂತೋಷ ಅಲ್ಲಿಗೆ ಅರ್ಧ ಇಳಿಯುತ್ತದೆ.

ಅವನದು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ. 1.2 ಲೀಟರಿನ ಟರ್ಬೊ ಎಂಜಿನ್, ಐದು ಬಾಗಿಲು, ಹಿಂದೆ ಮಗುವಿನ ಸೀಟು. ಇದನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದೇ ಎಂದು ಒಮ್ಮೆ ಕೇಳಿ ನಾನು ಒಂದು ಸಂಜೆ ಕಳೆದುಕೊಂಡಿದ್ದೇನೆ. ಎರಡೇ ಸೀಟಿನ, ನೆಲಕ್ಕೆ ಅಂಟಿದ ನಿಜವಾದ ಸ್ಪೋರ್ಟ್ಸ್ ಕಾರಿನ ಚಿತ್ರ ಕಾಲೇಜಿನಿಂದಲೂ ಅವನ ಬೀರುವಿನ ಬಾಗಿಲ ಒಳಗಡೆ ಇದೆ. ಮನೆ ಸಾಲ ಇನ್ನೂ ಹದಿನಾಲ್ಕು ವರ್ಷ ಇದೆ. ಅಲ್ಲಿಯವರೆಗೆ ಇದೇ ಸ್ಪೋರ್ಟ್ಸ್ ಕಾರು, ನೀವೂ ಒಪ್ಪಿಬಿಡಿ.

ಚಕ್ರ ಕೊಳ್ಳಲು ಅವನ ಜೊತೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದದ್ದು ನಾನು ಮಾಡಿದ ತಪ್ಪು. ಅಂಗಡಿಯ ಹುಡುಗ ಗೋಡೆ ತುಂಬ ನೇತುಹಾಕಿದ್ದ ಚಕ್ರಗಳನ್ನು ತೋರಿಸಿ, "ಯಾವ್ದಾದ್ರೂ ತಗೊಳ್ಳಿ ಸಾರ್, ಎಲ್ಲಾ ಕೂತ್ಕೊಳುತ್ತೆ" ಎಂದ. ಚಕ್ರಪಾಣಿ ಕನ್ನಡಕದ ಡಬ್ಬಿ ತೆಗೆದ. ಒಳಗಿದ್ದದ್ದು ವರ್ನಿಯರ್ ಕ್ಯಾಲಿಪರ್. ಆಮೇಲೆ ಶುರುವಾಯಿತು ಪಾಠ. ಬೋಲ್ಟಿನ ತೂತುಗಳು ಒಂದು ವೃತ್ತದ ಮೇಲಿರುತ್ತವೆ; ಅದರ ವ್ಯಾಸಕ್ಕೆ ಪಿಸಿಡಿ ಅನ್ನುತ್ತಾರೆ. ಪೋಲೋಗೆ ಐದು ತೂತು, 100 ಮಿ.ಮೀ. ಸ್ವಿಫ್ಟಿಗೂ ನೂರೇ, ಆದರೆ ತೂತು ನಾಲ್ಕು. ಕ್ರೆಟಾಕ್ಕೆ ತೂತು ಐದು, ವೃತ್ತ 114.3. ತೂತು ಹೊಂದಿದರೆ ವೃತ್ತ ಹೊಂದದು, ವೃತ್ತ ಹೊಂದಿದರೆ ತೂತು ಹೊಂದದು. ಜಾತಕ ಕೂಡಿಸುವಾಗ ನಮ್ಮ ಜೋಯಿಸರೂ ಇಷ್ಟು ತಕರಾರು ತೆಗೆದಿರಲಿಲ್ಲ. ಐದು ತೂತಿನ ಚಕ್ರದಲ್ಲಿ ಯಾವ ತೂತಿಗೂ ನೇರ ಎದುರು ಇನ್ನೊಂದಿಲ್ಲವಾದ್ದರಿಂದ, ಪಕ್ಕಪಕ್ಕದ ಎರಡರ ನಡುವೆ ಅಳೆದು 1.701ರಿಂದ ಗುಣಿಸಬೇಕು. 58.8 ಬಂತು. "ಭಾವ, ಗುಣಿಸಿ" ಎಂದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಅಲ್ಲಿಯ ಸ್ಟೂಲಿನ ಮೇಲೆ ಕೂತು ಗುಣಿಸಿದೆ. ನೂರು ಬಂದಾಗ ನನಗೂ ಒಂಥರಾ ಖುಷಿಯಾಯಿತು ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಚಕ್ರದ ನಡುವಿನ ದೊಡ್ಡ ತೂತಿನದು ಇನ್ನೊಂದು ರಾಮಾಯಣ. ಅಂಗಡಿಯ ಚಕ್ರಗಳನ್ನು ಹತ್ತು ಥರದ ಕಾರಿಗೆ ಆಗಲೆಂದು ಮಾಡಿರುವುದರಿಂದ ಅದರ ಅಳತೆ 73.1. ಇವನ ಕಾರಿನ ಹಬ್ 57.1. ನಡುವಿನ ಸಂದಿಗೆ ಒಂದು ಬಳೆ ತೊಡಿಸಬೇಕು. ಇಲ್ಲದಿದ್ದರೆ ಚಕ್ರ ನಟ್ಟನಡುವೆ ಕೂರದೆ, ವೇಗ ಹೆಚ್ಚಿದಂತೆ ಸ್ಟಿಯರಿಂಗ್ ನಡುಗುತ್ತದೆ. ಇದು ಮಾತ್ರ ನನಗೆ ತಟ್ಟನೆ ಅರ್ಥವಾಯಿತು. ಆ ದಿನ ನನ್ನ ಕಾಲಲ್ಲಿದ್ದದ್ದು ಡಿಸ್ಕೌಂಟಿನಲ್ಲಿ ತಂದ, ಒಂದು ನಂಬರ್ ದೊಡ್ಡ ಶೂ. ಮುಂದೆ ಹತ್ತಿ ತುರುಕಿದ್ದೆ.

ಆಫ್‌ಸೆಟ್ ಬಗ್ಗೆ ಅವನು ಹೇಳಿದ್ದನ್ನು ಪೂರ್ತಿ ಬರೆದರೆ ನೀವು ಪುಟ ತಿರುಗಿಸುತ್ತೀರಿ. ಸಾರ ಇಷ್ಟು: ಹಬ್ಬಿಗೆ ಒರಗುವ ಮುಖ ಚಕ್ರದ ನಡುಗೆರೆಯಿಂದ ಎಷ್ಟು ಮಿ.ಮೀ. ಆಚೆಗಿದೆ ಎಂಬುದು. 6 ಇಂಚು ಅಗಲ, 40 ಆಫ್‌ಸೆಟ್ ಇದ್ದ ಕಡೆ 7 ಇಂಚು, 35 ಹಾಕಿದರೆ ಚಕ್ರ ಹೊರಕ್ಕೆ 17.7 ಮಿ.ಮೀ., ಒಳಕ್ಕೆ 7.7 ಮಿ.ಮೀ. ಚಾಚುತ್ತದೆ. ಹೊರಕ್ಕೆ ಹೆಚ್ಚಾದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ, ಒಳಕ್ಕೆ ಹೆಚ್ಚಾದರೆ ಶಾಕ್ ಅಬ್ಸಾರ್ಬರಿಗೆ. "ನಡುವೆ ಸ್ಪೇಸರ್ ಬಿಲ್ಲೆ ಹಾಕಿದ್ರೆ ಆಯ್ತು ಸಾರ್" ಎಂದ ಹುಡುಗನನ್ನು ಅವನು ನೋಡಿದ ನೋಟ! ಬೋಲ್ಟಿನಲ್ಲೂ ಜಗಳ. ಇವನ ಕಾರಿನ ಬೋಲ್ಟಿಗೆ ಗುಂಡು ಕತ್ತು, ಅಂಗಡಿಯ ಚಕ್ರಕ್ಕೆ ಬೇಕಾದದ್ದು ಶಂಕುವಿನಾಕಾರದ್ದು. ಹಳೆ ಬೋಲ್ಟನ್ನೇ ತಿರುಗಿಸಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ. ಹೊಸದು ತರಿಸಿ, 120 ನ್ಯೂಟನ್ ಮೀಟರಿಗೆ ಟಾರ್ಕ್ ಹಾಕು ಎಂದರೆ ಹುಡುಗ, "ಬಾಡಿ ವೇಟ್ ಹಾಕಿದೀನಿ ಸಾರ್" ಅಂದ. ಆ ಹುಡುಗನ ಮೈಯಲ್ಲಿ ನಲವತ್ತೈದು ಕೆ.ಜಿ. ಇದ್ದರೆ ಹೆಚ್ಚು.

ಅಂತೂ 17 ಇಂಚಿನ ಚಕ್ರ ಏರಿತು. ಹಳೆಯ ನಾಲ್ಕು ನಮ್ಮ ಬಾಲ್ಕನಿಗೆ ಬಂದವು. ಅವನ ಹೆಂಡತಿಗೆ ಹೇಳಬಾರದೆಂದು ಕರಾರು.

ಮುಂದಿನ ವಾರ ಫೋನು. "ಭಾವ, ಅಮ್ಮನ್ನ ಘಾಟಿ ಸುಬ್ರಹ್ಮಣ್ಯಕ್ಕೆ ಕರ್ಕೊಂಡು ಹೋಗೋಣ." ಆರು ವರ್ಷದಿಂದ ನಮ್ಮತ್ತೆ ಕೇಳುತ್ತಿದ್ದ ಘಾಟಿ. ಮುಂದಿನ ಸೀಟು ಖಾಲಿ ಇದ್ದರೂ ಅತ್ತೆ, ನನ್ನ ಹೆಂಡತಿ, ನಾನು, ಮೂವರನ್ನೂ ಹಿಂದೆ ಕೂರಿಸಿದ. ಹಣ್ಣುಕಾಯಿ ಬುಟ್ಟಿ ಮುಂದೆ, ಸೀಟ್ ಬೆಲ್ಟ್ ಹಾಕಿಕೊಂಡು. ಡಿಕ್ಕಿಯಲ್ಲಿ 20 ಲೀಟರಿನ ಎರಡು ನೀರಿನ ಕ್ಯಾನು. "ಇಷ್ಟು ನೀರು ಯಾಕೋ?" ಅಂದರು ಅತ್ತೆ. "ದಾರೀಲಿ ಬಾಯಾರಿದ್ರೆ" ಅಂದ. ಯಲಹಂಕ ದಾಟಿ ಮೊದಲ ಹಂಪ್ ಬಂದಾಗ ನನಗೆ ಹೊಳೆಯಿತು. ರೇಡಿಯೋ ಆರಿಸಿದ. "ಶ್!" ಎಂದ. ಕಿವಿ ಹಿಂದಕ್ಕೆ ಕೊಟ್ಟು ಉಸಿರು ಬಿಗಿಹಿಡಿದು ಇಳಿಸಿದ. "ಅಮ್ಮಾ, ಸ್ವಲ್ಪ ಎಡಕ್ಕೆ ಸರಿ. ಭಾವ, ನೀವು ಹಾಗೇ ಇರಿ." ಎಲ್ಲೋ ಒಂದು ಕಡೆ ಸರ್ ಎಂದು ಉಜ್ಜಿದ ಸದ್ದು. ಗಾಡಿ ನಿಲ್ಲಿಸಿ, ಅದೇ ಹಂಪನ್ನು ಎರಡನೇ ಸಲ ಹತ್ತಿಸಿ ಇಳಿಸಿದ. ನಾವು ಯಾತ್ರಿಕರಲ್ಲ, ಲೋಡು.

ಘಾಟಿಯ ವಿಶೇಷ ಗೊತ್ತಲ್ಲ: ಸುಬ್ರಹ್ಮಣ್ಯನ ಬೆನ್ನಿಗೇ ನರಸಿಂಹ, ಹಿಂದೆ ಹಾಕಿರುವ ಕನ್ನಡಿಯಲ್ಲಿ ನೋಡಬೇಕು. ಅತ್ತೆ ಕಣ್ಣು ತುಂಬಿಕೊಂಡು ನೋಡಿದರು. ಚಕ್ರಪಾಣಿಯೂ ಆ ಕನ್ನಡಿಯನ್ನೇ ದಿಟ್ಟಿಸುತ್ತಿದ್ದ. ಹೊರಗೆ ಬಂದವನೇ ಅಕ್ಕನ ಬ್ಯಾಗಿನಿಂದ ಪುಟ್ಟ ಕನ್ನಡಿ ಕಿತ್ತುಕೊಂಡು, ಬಿಳಿ ಪಂಚೆಯಲ್ಲೇ ಕಾರಿನಡಿಗೆ ಮಲಗಿ, ಟೈರಿನ ಬೆನ್ನ ಮೇಲೆ ಉಜ್ಜಿದ ಗುರುತು ಹುಡುಕಿದ. ಎದ್ದಾಗ ಮುಖದಲ್ಲಿ ಧೂಳು, ಕುಂಕುಮ, ನಗು. "ಬರೀ ಪ್ಲಾಸ್ಟಿಕ್ ಲೈನರ್ ಭಾವ, ಲೋಹಕ್ಕೆ ತಾಗಿಲ್ಲ!"

ಹಾಗೆ ಪರೀಕ್ಷೆಯ ನೆಪದಲ್ಲಿ ನಂದಿ ಬೆಟ್ಟ, ಶಿವಗಂಗೆ, ದೇವರಾಯನದುರ್ಗ ಆದವು. ಶಿವಗಂಗೆಯ ಬುಡದಲ್ಲಿ ಅಮ್ಮ ಮಗ ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿಕೊಂಡು ಕೂತಿದ್ದದ್ದನ್ನು ನಾನು ನೋಡಿದ್ದೇನೆ.

ಹೋದ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯೊಂದು ಈ ಕಥೆ ಮುಗಿಸಿತು. 45 ಪ್ರೊಫೈಲಿನ ತೆಳು ಟೈರು, ಕೆಳಗೆ ಬೆಂಗಳೂರು. ಒಂದು ರಿಮ್ ಬಾಗಿತು, ಇನ್ನೊಂದು ಬಿರಿಯಿತು. ಉಳಿದೆರಡನ್ನು ಬಂದ ಬೆಲೆಗೆ ಮಾರಿ, ನಮ್ಮ ಬಾಲ್ಕನಿಯಿಂದ ಹಳೆಯ ಚಕ್ರಗಳನ್ನು ಮಾತಿಲ್ಲದೆ ಹೊತ್ತೊಯ್ದ. ಅಲ್ಲಿಂದೀಚೆಗೆ ಅವನು ತುಂಬ ಬಿಜಿ. ಬಾಲ್ಕನಿ ಖಾಲಿಯಾಯಿತೆಂದು ನಾನು ಖುಷಿಪಡುತ್ತಿದ್ದರೆ, ಮೊನ್ನೆ ಅತ್ತೆ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಅವನು ಮತ್ತೆ ಚಕ್ರ ಹಾಕ್ಸೋದು ಯಾವಾಗಂತೆ?"

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಸೆಟ್ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಐದು ತೂತು, ನೂರರ ವೃತ್ತ, ನಡುವಿನ ತೂತು 57.1; ದೊಡ್ಡದಿದ್ದರೆ ಬಳೆ ಸಮೇತ. ಆಫ್‌ಸೆಟ್ 40ರ ಆಸುಪಾಸು, ಸ್ವಲ್ಪ ಉಜ್ಜಿದರೂ ಪರವಾಗಿಲ್ಲ. ನಮ್ಮತ್ತೆಗೆ ಮೇಲುಕೋಟೆ ನೋಡಬೇಕಂತೆ.