ಯಾವ ನಾಳೆ, ಯಾರ ನಾಳೆ?

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಒಬ್ಬರು ತಾರೀಕು ರಾಯರು ಸಿಕ್ಕೇ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. "ನಾಳೆ ಮೀಟಿಂಗ್ ಇಟ್ಟುಕೊಳ್ಳೋಣ" ಎಂದು ಯಾರಾದರೂ ಅಂದರೆ ಮಿಕ್ಕವರೆಲ್ಲ ಗೋಣು ಆಡಿಸುತ್ತಾರೆ. ರಾಯರು ಮಾತ್ರ ಕನ್ನಡಕ ಮೇಲಕ್ಕೇರಿಸಿ "ಯಾವ ನಾಳೆ? ಯಾರ ನಾಳೆ?" ಎಂದು ಕೇಳುತ್ತಾರೆ. ಹೊಸಬರು ಇದನ್ನು ವೇದಾಂತವೆಂದು ತಿಳಿದು ಸುಮ್ಮನಾಗುತ್ತಾರೆ. ಹಳಬರಿಗೆ ಗೊತ್ತು: ಕ್ಯಾಲಿಫೋರ್ನಿಯಾದವರು ಕಾಲ್‌ನಲ್ಲಿದ್ದಾರೆ, ಅವರಿಗಿನ್ನೂ ನಮ್ಮ ನಿನ್ನೆಯೇ ಮುಗಿದಿಲ್ಲ.

ಜನ ಬರೆದ ತಾರೀಕನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ರಾಯರ ಹೊಟ್ಟೆಪಾಡು. ಕೇಳುವುದಕ್ಕೆ ಅರ್ಧ ದಿನದ ಕೆಲಸ. ಆ ಅರ್ಧ ದಿನದಲ್ಲಿ ಅವರ ತಲೆ ಪೂರ್ತಿ ನರೆತಿದೆ. 03/04/05 ಎಂದು ಬರೆದು ಅವರ ಮುಂದಿಟ್ಟು ನೋಡಿ, ಮುಖ ಕಂದುತ್ತದೆ. ನಮಗದು ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು, ವರ್ಷ ಮೊದಲು ಬರೆಯುವ ಜಪಾನಿನವರಿಗೆ 2003ರ ಏಪ್ರಿಲ್ ಐದು.

ರಾಯರಿಗೆ ದಡ್ಡ ಪ್ರೋಗ್ರಾಮಿನ ಭಯವಿಲ್ಲ, ಜಾಣ ಪ್ರೋಗ್ರಾಮಿನ ಭಯ. ಪೈಥಾನ್‌ನ ಡೇಟ್‌ಯುಟಿಲ್ ಎಂಬ ಹೆಸರಾಂತ ಲೈಬ್ರರಿ, ನಾವು ಬೇರೆ ಹೇಳದಿದ್ದರೆ, ತಿಂಗಳನ್ನೇ ಮೊದಲು ಓದುತ್ತದೆ. 13/04 ಎದುರಾದರೆ ಹದಿಮೂರನೇ ತಿಂಗಳು ಇಲ್ಲವಲ್ಲ ಎಂದು ತಾನೇ ತಿದ್ದಿಕೊಂಡು ದಿನ ಮೊದಲು ಓದುತ್ತದೆ. ಯಾರಿಗೂ ಒಂದು ಮಾತು ಹೇಳುವುದಿಲ್ಲ. ಹೀಗಾಗಿ ಗಿರಾಕಿಗಳ ಪಟ್ಟಿಯಲ್ಲಿ ಹದಿಮೂರರಿಂದ ಆಚೆಗೆ ಹುಟ್ಟಿದವರೆಲ್ಲ ಸುರಕ್ಷಿತ, ಹನ್ನೆರಡರೊಳಗಿನವರೆಲ್ಲ ತಿಂಗಳು ತಪ್ಪಿದವರು. ಅವರಲ್ಲೂ 4/4, 5/5ರಂದು ಹುಟ್ಟಿದ ಪುಣ್ಯವಂತರು ಬಚಾವ್. ಇದನ್ನು ಟೆಸ್ಟ್ ಮಾಡಿದ ಹುಡುಗ ಪ್ರತಿ ಸಲವೂ ಸಂಬಳ ಬರುವ ತಿಂಗಳ ಕೊನೆಯಲ್ಲೇ ಮಾಡಿರುತ್ತಾನೆ, ಎಲ್ಲ ಸರಿಯಾಗಿಯೇ ಕಂಡಿರುತ್ತದೆ.

ರಾಯರ ಲೆಕ್ಕದಲ್ಲಿ ಭಾರತದ ಅತಿ ದೊಡ್ಡ ಹೆರಿಗೆ ಆದದ್ದು 1970ರ ಜನವರಿ 1ರ ಬೆಳಗಿನ ಐದೂವರೆಗೆ. ಯುನಿಕ್ಸ್ ಕಾಲದ ಎಣಿಕೆ ಆ ದಿನ ಗ್ರೀನಿಚ್‌ನ ನಡುರಾತ್ರಿಗೆ ಸೊನ್ನೆಯಿಂದ ಶುರು. ಅಲ್ಲಿ ನಡುರಾತ್ರಿ ಎಂದರೆ ಇಲ್ಲಿ ಐದೂವರೆ. ಫಾರ್ಮಿನಲ್ಲಿ ಹುಟ್ಟಿದ ದಿನ ಖಾಲಿ ಬಿಟ್ಟವರನ್ನೆಲ್ಲ ಎಷ್ಟೋ ಪ್ರೋಗ್ರಾಮುಗಳು ಸೊನ್ನೆಯೆಂದು ಬರೆದುಕೊಂಡು ಅದೇ ಮುಹೂರ್ತಕ್ಕೆ ಹೆತ್ತುಬಿಡುತ್ತವೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದವರ ಪಾಡು ಬೇರೆ. ಪಾಸಿಕ್ಸ್ ನಿಯಮದಂತೆ 69ರಿಂದ 99 ಹಳೆಯ ಶತಮಾನಕ್ಕೆ, 00ಯಿಂದ 68 ಹೊಸದಕ್ಕೆ. 45ರಲ್ಲಿ ಹುಟ್ಟಿದ ರಾಯರ ತಂದೆ ಒಂದು ಅರ್ಜಿಯಲ್ಲಿ 2045ಕ್ಕೆ ಹೋಗಿ ಕೂತರು. ಇನ್ನೂ ಹುಟ್ಟದವರಿಗೆ ಹಿರಿಯ ನಾಗರಿಕರ ರಿಯಾಯಿತಿ ಎಲ್ಲಿಂದ?

ಬರೆಯುವುದೇ ಬೇಡ, ಕ್ಯಾಲೆಂಡರ್ ತೋರಿಸಿ ಒತ್ತಿಸೋಣ ಎಂದು ಕಿರಿಯರು ಉಪಾಯ ಹೂಡಿದರು. ಕ್ಯಾಲೆಂಡರ್ ಇವತ್ತಿನ ತಿಂಗಳಲ್ಲಿ ತೆರೆದುಕೊಂಡಿತು. ಎಂಬತ್ತು ವರ್ಷದ ಅಜ್ಜ ಎಡಗಡೆಯ ಬಾಣವನ್ನು 960 ಸಲ ಒತ್ತಿದರೆ ತಮ್ಮ ಹುಟ್ಟಿದ ತಿಂಗಳು ಕಾಣುತ್ತಾರೆ.

1988ರಲ್ಲಿ ಹೊರಬಂದ ಐಎಸ್‌ಒ 8601 ರಾಯರ ಕುಲದೈವ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಮನೆಯ ಉಪ್ಪಿನಕಾಯಿ ಭರಣಿಯ ಚೀಟಿಯೂ ಇದೇ ಕ್ರಮದಲ್ಲಿದೆ. ತಂಗಿಯ ಮಗಳ ಲಗ್ನಪತ್ರಿಕೆಯಲ್ಲಿ ಪುರೋಹಿತರು "ಕ್ರೋಧಿ ನಾಮ ಸಂವತ್ಸರದ ಕಾರ್ತಿಕ ಬಹುಳ ತದಿಗೆ ಸೋಮವಾರ" ಎಂದು ಬರೆಸಿದರೆ, ರಾಯರು ಅಡ್ಡ ಬಂದರು. "ಶಕೆ ಹಾಕಿಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1964ರಲ್ಲೂ ಕ್ರೋಧಿಯೇ ಇತ್ತು. ಇದು ಎರಡಂಕಿ ಇಸವಿಯ ಸಮಸ್ಯೆಯೇ ಅಲ್ಲವೇ ಶಾಸ್ತ್ರಿಗಳೇ?"

"ಹುಡುಗಿಗೆ ಇಪ್ಪತ್ತಾರು, ಸ್ವಾಮಿ. ಯಾರೂ 1964ಕ್ಕೆ ಊಟಕ್ಕೆ ಹೋಗಲ್ಲ" ಎಂದರು ಶಾಸ್ತ್ರಿಗಳು.

ಹಾಗೆಂದು ನೆಂಟರಿಷ್ಟರಿಗೆ ರಾಯರಿಂದ ಉಪಯೋಗವಿಲ್ಲ ಎನ್ನುವ ಹಾಗಿಲ್ಲ. ರಾತ್ರಿ 12:15ರ ಬಸ್ಸಿಗೆ ಟಿಕೆಟ್ ಮಾಡಿದವರೆಲ್ಲ ಮೊದಲು ಫೋನ್ ಮಾಡುವುದು ಇವರಿಗೆ. "ಹದಿನಾಲ್ಕನೇ ತಾರೀಕು ಎಂದಿದ್ದರೆ ಹದಿಮೂರರ ರಾತ್ರಿ ಊಟ ಮಾಡಿಯೇ ಹೊರಡಬೇಕು" ಎಂಬ ಅವರ ಒಂದು ಮಾತಿನಿಂದ ಬಚಾವಾದ ಸಂಸಾರಗಳು ಬಹಳ. ಶಿಷ್ಯರು ಕಲಿತದ್ದು ಮಾತ್ರ ಬೇರೆಯೇ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸು ಎಂದರೆ ಪಿಎಚ್‌ಪಿ, ಫೆಬ್ರವರಿ 31 ಇಲ್ಲದ ಕಾರಣ, ಮಾರ್ಚ್ 3ಕ್ಕೆ ಹೋಗಿ ನಿಲ್ಲುತ್ತದೆ. ರಾಯರ ಹತ್ತಿರ ಕೈಸಾಲ ತೆಗೆದುಕೊಂಡವರು ಈಗ ಜನವರಿ 31ಕ್ಕೇ ಬಂದು "ಮುಂದಿನ ತಿಂಗಳು ಕೊಡ್ತೀನಿ ಸಾರ್" ಎನ್ನುತ್ತಾರೆ.

ಕಷ್ಟ ಹೆಚ್ಚಾದದ್ದು ಆಡುಮಾತಿನ ಕನ್ನಡ ಓದುವ ಪ್ರೋಗ್ರಾಮು ಬೇಕೆಂದು ಕಂಪನಿ ಹೇಳಿದ ಮೇಲೆ. ನಾಳೆ, ನಾಡಿದ್ದು, ಆಚೆ ನಾಡಿದ್ದು ಚಕಚಕನೆ ಆಯಿತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ "ಮೊನ್ನೆ ಮೊನ್ನೆ ಎತ್ತಿ ಆಡಿಸಿದ ಕೂಸು, ಆಗಲೇ ಪಿಯುಸಿ" ಎಂದರು. ಪ್ರೋಗ್ರಾಮು ಎರಡು ಮೊನ್ನೆ ಕೂಡಿಸಿ ನಾಲ್ಕು ದಿನ ಎಂದಿತು.

ಆ ವಾರವೇ ರಾಯರ ಹೆಂಡತಿ ರವಿಕೆ ಹೊಲಿಯಲು ಕೊಟ್ಟರು. ರಾಯರೂ ಜೊತೆಗಿದ್ದರು. "ಸೋಮವಾರ ಬನ್ನಿ ಅಕ್ಕ" ಎಂದ ಟೈಲರ್. ರಾಯರು ಫೋನಿನಲ್ಲಿ ಸೋಮವಾರ ಗುರುತು ಹಾಕಿಕೊಳ್ಳುತ್ತಿದ್ದರೆ, ಮೆಟ್ಟಿಲಿಳಿಯುತ್ತ ಅವರ ಹೆಂಡತಿ "ಗುರುವಾರ ಬಂದರಾಯಿತು" ಎಂದರು.

"ಸೋಮವಾರ ಅಂದನಲ್ಲೇ!"

"ಕತ್ತರಿ ಕೆಳಗಿಡದೆ, ತಲೆ ಎತ್ತದೆ ಅಂದ ರೀ. ಅಂದರೆ ಗುರುವಾರ. ಅಳತೆ ಪುಸ್ತಕ ತೆಗೆದು ನೋಡಿ ಹೇಳಿದ್ದರೆ ಬುಧವಾರ. 'ಪಕ್ಕಾ ಅಕ್ಕ' ಅಂತೇನಾದರೂ ಅಂದಿದ್ದರೆ ಮುಂದಿನ ವಾರ."

ಗುರುವಾರ ಹೋದರು. ರವಿಕೆ ತಯಾರಿತ್ತು. "ಹುಕ್ಕು ಒಂದು ಬಾಕಿ ಅಕ್ಕ, ಹತ್ತು ನಿಮಿಷ ಕೂತ್ಕೊಳ್ಳಿ" ಎಂದ. ರಾಯರು ಗಡಿಯಾರ ನೋಡಿಕೊಂಡು ಕೂರಲು ಹೋದರೆ, ಹೆಂಡತಿ ಕೈಚೀಲ ಕೊಡವಿಕೊಂಡು "ಮುಕ್ಕಾಲು ಗಂಟೆ ಇದೆ, ತರಕಾರಿ ತಂದುಬಿಡೋಣ ಬನ್ನಿ" ಎಂದು ಎಬ್ಬಿಸಿದರು. ಹಿಂದಿರುಗಿ ಬಂದಾಗ ಟೈಲರ್ ಕೊನೆಯ ಹುಕ್ಕಿನ ದಾರ ಕಡಿಯುತ್ತಿದ್ದ.

ಮರುದಿನ ರಾಯರ ಕೋಡಿನಲ್ಲಿ ಹೊಸ ಸಾಲೊಂದು ಕಂಡಿತು. ಪದಗಳು, ಇವತ್ತಿನ ತಾರೀಕು, ಟೈಮ್‌ಜೋನ್ ಇವುಗಳ ಜೊತೆಗೆ ನಾಲ್ಕನೇ ಪ್ಯಾರಾಮೀಟರ್: ಹೇಳಿದವರು ಯಾರು. ರಿವ್ಯೂಗೆ ಕೂತ ಹುಡುಗಿ ಕೇಳಿದಳು:

"ಸಾರ್, ಇದನ್ನು ಯಾರೂ ತುಂಬದಿದ್ದರೆ ಡೀಫಾಲ್ಟ್ ಏನಿಡೋಣ?"

"ಟೈಲರ್" ಎಂದರು ರಾಯರು.