ಗುಂಡಿ ಒತ್ತುವ ಗಂಡಸು

ನಮ್ಮ ಮನೆಯಲ್ಲಿ ಜಿರಳೆ ಕಂಡರೆ ಕೆಲಸದ ಹಂಚಿಕೆ ಹೀಗೆ: ಹೆಂಡತಿ ಪೊರಕೆ ಹಿಡಿಯುತ್ತಾಳೆ, ಮಗಳು ಸ್ಟೂಲು ಹತ್ತುತ್ತಾಳೆ, ನಾನು ವಿವರಣೆ ಕೊಡುತ್ತೇನೆ. ಸ್ಪ್ರೇ ಡಬ್ಬ ನನ್ನ ಕೈಯಲ್ಲೇ ಇರುತ್ತದೆ. ಆದರೆ ಗುಂಡಿ ಒತ್ತುವ ಮುಂಚೆ, ಒತ್ತಿದರೆ ಒಳಗೆ ಏನಾಗುತ್ತದೆ ಎಂದು ನಾಲ್ಕು ಜನಕ್ಕೆ ತಿಳಿಸದಿದ್ದರೆ ನನಗೆ ಸಮಾಧಾನವಿಲ್ಲ. ಜಿರಳೆ ಪಾಪ, ಮೀಸೆ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ಕೇಳುತ್ತದೆ. ಆಮೇಲೆ ಸಿಂಕಿನ ಕೆಳಗೆ ಹೋಗುತ್ತದೆ.

ಒಳಗಿನ ಕಥೆ ನಿಜಕ್ಕೂ ಸೊಗಸಾಗಿದೆ. ಗುಂಡಿಯ ಕೆಳಗೆ ಸ್ಟೆಮ್ ಎಂಬ ಟೊಳ್ಳು ಕಡ್ಡಿ. ಅದರ ಪಕ್ಕೆಗೆ ಅರ್ಧ ಮಿಲಿಮೀಟರಿನ ಆಸುಪಾಸಿನ ಒಂದು ತೂತು. ಆ ತೂತಿನ ಸುತ್ತ ಬಿಗಿಯಾಗಿ ಕೂತ ರಬ್ಬರಿನ ಗ್ಯಾಸ್ಕೆಟ್. ಕೆಳಗಿನಿಂದ ಮೇಲಕ್ಕೆ ನೂಕುತ್ತಿರುವ ಸ್ಪ್ರಿಂಗು. ಬೆರಳು ಒತ್ತಿದಾಗ ತೂತು ರಬ್ಬರಿನ ಹಿಡಿತದಿಂದ ಜಾರಿ ಒಳಗೆ ಇಳಿಯುತ್ತದೆ, ತಳದವರೆಗೆ ಇಳಿಬಿಟ್ಟ ಕೊಳವೆಯಲ್ಲಿ ಔಷಧಿ ಏರಿ ಬಂದು ಹೊರಗೆ ಚಿಮ್ಮುತ್ತದೆ. ಬೆರಳು ತೆಗೆದರೆ ಸ್ಪ್ರಿಂಗು ಕಡ್ಡಿಯನ್ನು ಎತ್ತುತ್ತದೆ, ರಬ್ಬರು ತೂತನ್ನು ಮುಚ್ಚುತ್ತದೆ. ಇಷ್ಟೂ ಸಾಮಾನು ಡಬ್ಬದ ಒಂದಂಗುಲದ ಬಾಯೊಳಗೆ. ಚಿಮ್ಮಿಸುವುದೇನು ಮಹಾ, ಪಿಚಕಾರಿಯೂ ಮಾಡುತ್ತದೆ. ತಿಂಗಳುಗಟ್ಟಲೆ ಒಳಗಿನ ಒತ್ತಡ ತಡೆದು ಒಂದು ತೊಟ್ಟೂ ಸೋರದೆ ಕೂರುವುದಿದೆಯಲ್ಲ, ಅದು ವಿದ್ಯೆ. ಇದನ್ನೆಲ್ಲ ನಾನು ಹಾಲಿನವನ ಲೆಕ್ಕದ ಚೀಟಿಯ ಹಿಂದೆ ಚಿತ್ರ ಬರೆದು ಹೆಂಡತಿಗೆ ತೋರಿಸಿದೆ. ಆಕೆ ಚೀಟಿ ಕಸಿದುಕೊಂಡು ಮುಂದಿನ ಬದಿ ನೋಡಿ, "ಅರ್ಧ ಲೀಟರ್ ಜಾಸ್ತಿ ಬರೆದಿದ್ದಾನೆ," ಎಂದಳು.

ನಾನು ಸೋಲುವವನಲ್ಲ. "ಆ ಒತ್ತಡ ಎಲ್ಲಿಂದ ಬರುತ್ತೆ ಗೊತ್ತೇನೇ? ಪ್ರೊಪೇನು, ಬ್ಯೂಟೇನು! ನಮ್ಮ ಅಡುಗೆ ಗ್ಯಾಸಿನ ದಾಯಾದಿಗಳೇ. ಒಳಗೆ ದ್ರವವಾಗಿ ಕೂತಿರುತ್ತವೆ. ನೀನು ಬಳಸಿದ ಹಾಗೆಲ್ಲ ಇನ್ನಷ್ಟು ಆವಿಯಾಗಿ ಜಾಗ ತುಂಬುತ್ತವೆ. ಅದಕ್ಕೇ ಡಬ್ಬ ಮುಗೀತಾ ಬಂದರೂ ರಭಸ ಅಷ್ಟೇ ಇರುತ್ತೆ."

"ರೀ, ಸಿಲಿಂಡರ್ ಬುಕ್ ಮಾಡಿದ್ರಾ?"

ಅವತ್ತು ರಾತ್ರಿ ಹೋಟೆಲಿನಿಂದ ಇಡ್ಲಿ ತರಿಸಿದೆವು.

ಅಂಗಡಿಯಲ್ಲಿ ನನ್ನ ಮಾತಿಗೆ ಇನ್ನೂ ಬೆಲೆಯಿದೆ ಎಂದುಕೊಂಡಿದ್ದೆ. ಸೊಳ್ಳೆಯ ಡಬ್ಬಕ್ಕೂ ಜಿರಳೆಯ ಡಬ್ಬಕ್ಕೂ ವ್ಯತ್ಯಾಸ ಬರೀ ಔಷಧಿಯದ್ದಲ್ಲ. ಹಾರುವ ಸೊಳ್ಳೆಗೆ ಹನಿ ನುಣ್ಣಗಿರಬೇಕು, ಗಾಳಿಯಲ್ಲಿ ತೇಲಬೇಕು. ಹರಿದಾಡುವ ಜಿರಳೆಗೆ ದಪ್ಪ ಹನಿ, ಬಿದ್ದಲ್ಲಿ ಒದ್ದೆಯಾಗಬೇಕು. ಡಿಯೋಡರೆಂಟಿನಂಥ ಕೆಲವು ಡಬ್ಬಗಳ ವಾಲ್ವಿನ ಪಕ್ಕೆಗೆ ಇನ್ನೊಂದು ಸೂಕ್ಷ್ಮ ತೂತು ಕೊರೆದಿರುತ್ತಾರೆ; ಮೇಲಿನ ಆವಿಯೂ ಅಲ್ಲಿಂದ ನುಗ್ಗಿ ದ್ರವದ ಜೊತೆ ಬೆರೆತು ಹನಿಯನ್ನು ಒಡೆಯುತ್ತದೆ. ಬಿಲ್ ಹಾಕುವ ಹುಡುಗನಿಗೆ ನಾನು ಈ ತೂತಿನ ಪ್ರಸ್ತಾಪ ತೆಗೆದಾಗ ಹಿಂದೆ ನಿಂತ ಹಿರಿಯರೊಬ್ಬರು, "ಸ್ವಾಮಿ, ತೂತಾಗಿದ್ರೆ ಬೇರೆ ಡಬ್ಬ ತಗೊಳ್ಳಿ, ಜಾಗ ಬಿಡಿ," ಎಂದರು.

ಜಗತ್ತು ನನ್ನಂಥ ಡಬ್ಬದ ತಜ್ಞರನ್ನು ಎಂದೂ ಸರಿಯಾಗಿ ನಡೆಸಿಕೊಂಡಿಲ್ಲ. ನಾರ್ವೆಯ ಎಂಜಿನಿಯರ್ ಎರಿಕ್ ರೋತೈಮ್ 1926ರಲ್ಲೇ ಸ್ಪ್ರೇ ಡಬ್ಬಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಅವನ ದೇಶದ ಅಂಚೆ ಇಲಾಖೆ ಆ ಡಬ್ಬದ ನೆನಪಿಗೆ ಸ್ಟಾಂಪು ಹೊರಡಿಸಿದ್ದು 1998ರಲ್ಲಿ. ನಡುವೆ ಎರಡನೇ ಮಹಾಯುದ್ಧ ಬಂತು. ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್ ಎಂಬಿಬ್ಬರು ಸೈನಿಕರನ್ನು ಮಲೇರಿಯಾ ಸೊಳ್ಳೆಯಿಂದ ಕಾಪಾಡಲು ದಪ್ಪ ಉಕ್ಕಿನ ಸ್ಪ್ರೇ ಡಬ್ಬ ಮಾಡಿದರು. ಯುದ್ಧಕ್ಕೆ ಸರಿ, ಮನೆಗೆ ದುಬಾರಿ. 1949ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಅಬ್‌ಪ್ಲಾನಾಲ್ಪ್, ಇನ್ನೂ ಮೂವತ್ತು ದಾಟದವನು, ಅಗ್ಗದ, ಸೋರದ ವಾಲ್ವ್ ರೂಪಿಸಿದ. ಕೋಟ್ಯಧೀಶನಾದ. ಅಧ್ಯಕ್ಷ ನಿಕ್ಸನ್‌ಗೆ ಆಪ್ತ ಗೆಳೆಯನಾದ. ಬಹಾಮಾಸ್‌ನ ದ್ವೀಪದಲ್ಲಿದ್ದ ಇವನ ಮನೆಗೆ ನಿಕ್ಸನ್ ರಜೆಗೆ ಬರುತ್ತಿದ್ದ. ವಿಧಿಯ ಚೇಷ್ಟೆ ನೋಡಿ: ಶ್ವೇತಭವನದ ಗುಟ್ಟುಗಳು ಸೋರುತ್ತಿವೆಯೆಂದು ನಿಕ್ಸನ್ ಒಂದು ಗುಂಪನ್ನೇ ಕಟ್ಟಿದ, ಅದಕ್ಕೆ 'ಪ್ಲಂಬರ್ಸ್' ಎಂದೇ ಹೆಸರು. ಸೋರಿಕೆ ತಡೆಯುವ ಅಪ್ಪಟ ತಜ್ಞ ಪಕ್ಕದಲ್ಲೇ ಮೀನು ಹಿಡಿಯುತ್ತ ಕೂತಿದ್ದರೂ 1974ರಲ್ಲಿ ಕುರ್ಚಿ ಹೋಯಿತು. ಅದೇ ವರ್ಷ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಡಬ್ಬಗಳಿಂದ ಹೊರಡುವ ಕ್ಲೋರೋಫ್ಲೋರೋಕಾರ್ಬನ್ ಓಜೋನ್ ಪದರವನ್ನೇ ತಿನ್ನಬಲ್ಲದು ಎಂದು ಬರೆದರು. 1978ರಲ್ಲಿ ಅಮೆರಿಕ ಬಹುಪಾಲು ಸ್ಪ್ರೇಗಳಲ್ಲಿ ಅದನ್ನು ನಿಷೇಧಿಸಿತು. ಆಮೇಲೆ ನಮ್ಮ ಗ್ಯಾಸಿನ ದಾಯಾದಿಗಳಿಗೆ ಯೋಗ ಬಂತು.

ಈ ಚರಿತ್ರೆಯಲ್ಲಿ ನಾನು ಹೇಳಬಾರದಿದ್ದ ಭಾಗ ಒಂದಿತ್ತು. ಸ್ಪ್ರೇ ಪೇಂಟ್ ಬಂದದ್ದೂ 1949ರಲ್ಲಿ. ಇಲಿನಾಯ್ ರಾಜ್ಯದ ಎಡ್ವರ್ಡ್ ಸೆಮೂರ್ ಎಂಬ ಬಣ್ಣದ ವ್ಯಾಪಾರಿಗೆ ಆ ಉಪಾಯ ಕೊಟ್ಟವಳು ಅವನ ಹೆಂಡತಿ ಬಾನಿ. ಹೆಂಗಸರನ್ನು ಹೊಗಳಿದಂತಾಗುತ್ತದೆಂದು ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ.

"ಹೆಂಡತಿ ಹೇಳಿದಳು. ಆಮೇಲೆ?"

"ಆಮೇಲೆ ಅವನು ಮಾಡಿದ."

"ಹೇಳಿದ ತಕ್ಷಣ ಮಾಡಿದ್ನಾ?" ಎಂದು ಸಾರು ಬಡಿಸುತ್ತ ಕೇಳಿದಳು. "ಬಾಲ್ಕನಿ ಗ್ರಿಲ್ಲಿಗೆ ಬಣ್ಣ ಹೊಡೀರಿ ಅಂತ ಯುಗಾದಿಯಿಂದ ಹೇಳ್ತಿದೀನಿ."

ಭಾನುವಾರ ಗ್ರಿಲ್ಲಿನ ಮುಂದೆ ನಿಂತೆ. ಡಬ್ಬ ಅಲ್ಲಾಡಿಸಿದರೆ ಒಳಗೆ ಗೋಲಿ ಖಣಖಣ ಎನ್ನುತ್ತದೆ, ತಳಕ್ಕಿಳಿದ ಬಣ್ಣ ಕದಡಲೆಂದು ಹಾಕಿದ ಗೋಲಿ. ಆ ಸದ್ದಿಗೇ ನನಗೆ ಅರ್ಧ ಕೆಲಸ ಮುಗಿದಷ್ಟು ತೃಪ್ತಿ. ಒಂದು ಸರಳಿಗೆ ಹೊಡೆದೆ. ಪಕ್ಕದ ಮನೆಯವರು ತಮ್ಮ ಬಾಲ್ಕನಿಯಿಂದ ಇಣುಕಿ, "ಆಮೇಲೆ ಮೂತಿ ಕಟ್ಟಿಕೊಳ್ಳುತ್ತೆ ಸಾರ್," ಎಂದರು. ಯಾರಿಗೆ ಹೇಳುತ್ತಿದ್ದಾರೆ! ಡಬ್ಬ ತಲೆಕೆಳಗೆ ಮಾಡಿ ಒತ್ತಿದರೆ ಕೊಳವೆಯ ತುದಿ ದ್ರವ ಬಿಟ್ಟು ಅನಿಲಕ್ಕೆ ಬರುತ್ತದೆ, ಬರೀ ಅನಿಲವೇ ಹೊರಟು ವಾಲ್ವೂ ಮೂತಿಯೂ ತೊಳೆದಂತಾಗುತ್ತವೆ ಎಂದು ತೋರಿಸಿದೆ. ಅವರ ಶ್ರೀಮತಿ ಬಂದರು, ಅವರಿಗೂ ತೋರಿಸಿದೆ. ಮೇಲಿನ ಮಹಡಿಯ ಹುಡುಗರು ಬಂದರು. ಅನಿಲ ಮುಗಿಯಿತು. ಬಣ್ಣ ಬೇಕಾದಷ್ಟಿತ್ತು, ನೂಕಲು ಒಳಗೆ ಏನೂ ಉಳಿದಿರಲಿಲ್ಲ. ನಮ್ಮ ಗ್ರಿಲ್ಲಿನಲ್ಲಿ ಈಗಲೂ ಒಂದೇ ಸರಳು ಬೆಳ್ಳಗಿದೆ. ಬಂದವರು ಕೇಳಿದರೆ ಹೆಂಡತಿ ನನ್ನ ಕಡೆ ಕೈ ತೋರಿಸುತ್ತಾಳೆ, ನಾನು ಗ್ಯಾಸ್ಕೆಟಿನಿಂದ ಶುರು ಮಾಡುತ್ತೇನೆ, ಅವರು ಕಾಫಿಗೂ ಕಾಯದೆ ಹೊರಡುತ್ತಾರೆ. ಇದರಿಂದ ಸಕ್ಕರೆ ಉಳಿತಾಯ ಎಂಬುದು ಆಕೆಯ ಲೆಕ್ಕ.

ಫ್ಲಿಟ್ ಪಂಪಿನ ಕಾಲದ ನನ್ನ ಅಮ್ಮನಿಗೆ ಈ ಡಬ್ಬಗಳ ಮೇಲೆ ಗೌರವವಿಲ್ಲ. "ಪಂಪು ಹೊಡೆದರೆ ತೋಳಿಗಾದರೂ ಕೆಲಸ ಇರ್ತಿತ್ತು," ಎನ್ನುತ್ತಾಳೆ. ಆದರೆ ಉಬ್ಬಸಕ್ಕೆ ಆಕೆ ಸೇದುವ ಇನ್‌ಹೇಲರೂ ಇದೇ ವಂಶದ್ದು, ವಂಶಕ್ಕೇ ಜಾಣ ಕುಡಿ. ಅಮೆರಿಕದಲ್ಲಿ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥನ ಮಗಳಿಗೆ ಅಸ್ತಮಾ. ಹೇರ್‌ಸ್ಪ್ರೇ ಹಾಗೆ ತನ್ನ ಔಷಧಿಯನ್ನೂ ಡಬ್ಬದಲ್ಲಿ ಯಾಕೆ ಕೊಡಬಾರದು ಎಂದು ಅಪ್ಪನನ್ನು ಕೇಳಿದಳಂತೆ. 1956ಕ್ಕೆ ಮಾರುಕಟ್ಟೆಗೆ ಬಂತು. ಇದರ ವಾಲ್ವಿನೊಳಗೆ ಒಂದು ಪುಟ್ಟ ಕೋಣೆ. ಒತ್ತಿದಾಗ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ, ಕೋಣೆಯಲ್ಲಿದ್ದಷ್ಟೇ ಹೊರಗೆ. ಎಷ್ಟು ಹೊತ್ತು ಅದುಮಿ ಹಿಡಿದರೂ ಅಷ್ಟೇ. ಬಿಟ್ಟ ಮೇಲೇ ಕೋಣೆ ಮತ್ತೆ ತುಂಬುವುದು.

ಹೆಂಡತಿ ಜೀವಮಾನದಲ್ಲಿ ಮೊದಲ ಸಲ ಆಸಕ್ತಿಯಿಂದ ತಲೆಯೆತ್ತಿದಳು. "ಒಂದು ಸಲಕ್ಕೆ ಇಷ್ಟೇ ಅಂದ್ರೆ ಇಷ್ಟೇನಾ? ಮೇಲೆ ಬರೋದೇ ಇಲ್ವಾ?"

"ಬರೋದೇ ಇಲ್ಲ."

"ಮನುಷ್ಯರಿಗೆ ಹಾಕಿಸೋದು ಸಿಗುತ್ತಾ?"

ಔಷಧಿ ಎಳೆದುಕೊಂಡ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿದಿರಬೇಕೆಂದು ಡಾಕ್ಟರು ಅಮ್ಮನಿಗೆ ಹೇಳಿದ್ದಾರೆ. ಅಷ್ಟು ಹೊತ್ತು ಆಕೆ ಬಾಯಿ ತೆರೆಯುವಂತಿಲ್ಲ, ಎದ್ದು ಹೋಗುವ ಅಭ್ಯಾಸವೂ ಇಲ್ಲ. ಈ ಮನೆಯಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಸಭೆ ಸಿಗುವುದಿಲ್ಲ. ಮೊನ್ನೆ ಆಕೆ ಸೇದಿದ ಕೂಡಲೇ ಕುರ್ಚಿ ಎಳೆದುಕೊಂಡು, "ಅಮ್ಮಾ, ಈಗ ಆ ಪುಟ್ಟ ಕೋಣೆ ಇದೆಯಲ್ಲ..." ಎಂದು ತೊಡಗಿದೆ. ಅಮ್ಮ ಬೆರಳು ಮಡಚಿ ಎಣಿಸುತ್ತಿದ್ದಳು. ಏಳಕ್ಕೆ ಬರುವಷ್ಟರಲ್ಲಿ ಉಸಿರು ಬಿಟ್ಟು, "ಉಬ್ಬಸವೇ ವಾಸಿ ಕಣೋ," ಎಂದಳು.